ಬಡ ಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್‌ನಿಂದ ನಿಜವಾಗಿ ಉಪಯೋಗ ಆಗ್ತಿದೆಯಾ? ಲೆಕ್ಕ ಹಾಕೋದು ಹೇಗೆ?

ಲೆಡ್ಜರ್ ಮೇಡಂ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಮಾಡುತ್ತೇನೆ. ಹಳೆ ವಿದ್ಯಾರ್ಥಿಗಳ ಸಂಘದ ಖಜಾಂಚಿಯೂ ನಾನೇ. ಕಾಮರ್ಸಿನವಳು ಅನ್ನೋ ಒಂದೇ ಕಾರಣಕ್ಕೆ ಆ ಲೆಡ್ಜರ್ ನನ್ನ ತಲೆಗೆ ಬಿತ್ತು. 2021ರಿಂದ ಸಂಘದವರು ಒಂದು ಸ್ಕಾಲರ್‌ಶಿಪ್ ಕೊಡುತ್ತಿದ್ದಾರೆ. ಪ್ರತಿ ವರ್ಷ ಹೊಸದಾಗಿ ಸೇರುವವರಲ್ಲಿ 20 ಮಕ್ಕಳಿಗೆ, ವರ್ಷಕ್ಕೆ 10,000 ರೂಪಾಯಿ, ಮೂರು ವರ್ಷ. ಆದಾಯ ಪ್ರಮಾಣಪತ್ರದಲ್ಲಿ ಒಂದು ಲಕ್ಷದೊಳಗೆ ಇರಬೇಕು. ಅಂಥವರಲ್ಲಿ ಪಿಯುಸಿ ಅಂಕ ನೋಡಿ ಮೇಲಿನ 20 ಜನರನ್ನು ತೆಗೆದುಕೊಳ್ಳುತ್ತೇವೆ.

ಹೋದ ತಿಂಗಳ ಮೀಟಿಂಗಿನಲ್ಲಿ, ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಎದ್ದು ನಿಂತರು. ಜಾಸ್ತಿ ದುಡ್ಡು ಕೊಡುವವರು ಅವರೇ. "ಮೇಡಂ, ಅಂಗಡೀಲಿ ಒಂದು ಡಬ್ಬಿ ಮೊಳೆ ಕಡಿಮೆ ಆದ್ರೂ ನನಗೆ ಗೊತ್ತಾಗುತ್ತೆ. ಎರಡು ಬ್ಯಾಚ್ ಮುಗಿದು ಹೋಯ್ತು, ಹೆಚ್ಚುಕಡಿಮೆ ಹನ್ನೆರಡು ಲಕ್ಷ. ಇದರಿಂದ ಏನಾಯ್ತು ಅಂತ ಒಂದು ಮಾತು ಹೇಳಿ" ಅಂದರು. ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳ್ಕೊಳ್ಳೋಕೆ ಕೇಳಿದ್ದು.

ಒಂದು ಸಂಜೆ ಕೂತು ಲೆಕ್ಕ ತೆಗೆದೆ. 2021 ಮತ್ತು 2022ರಲ್ಲಿ ಸೇರಿ ಹಣ ಪಡೆದವರು 40 ಜನ. ಯಾವ ಪೇಪರನ್ನೂ ಉಳಿಸಿಕೊಳ್ಳದೆ ಮೂರು ವರ್ಷಕ್ಕೆ ಸರಿಯಾಗಿ ಡಿಗ್ರಿ ಮುಗಿಸಿದವರು 34. ಅಂದರೆ ಶೇ. 85. ಅದೇ ಎರಡು ಬ್ಯಾಚುಗಳಲ್ಲಿ ಇಡೀ ಕಾಲೇಜಿನ ಲೆಕ್ಕ ಹಿಡಿದರೆ ಶೇ. 55ರ ಆಸುಪಾಸು. ಜೊತೆಗೆ, 2023ರಿಂದ ನಮ್ಮ ಸ್ಕಾಲರ್‌ಶಿಪ್ ಹುಡುಗಿಯರ ಹಾಜರಿಯೂ ಚೆನ್ನಾಗಿ ಏರಿದೆ. ಇದನ್ನೆಲ್ಲ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೈಮುಗಿಯುವ ಚಿತ್ರ, ಹೂವಿನ ಚಿತ್ರ, ಒಂದರ ಹಿಂದೆ ಒಂದು ಬಂದವು.

ಆದರೆ ನನಗೆ ಅವತ್ತಿನಿಂದ ಕಸಿವಿಸಿ. ಆ 40 ಜನರನ್ನು ಆರಿಸಿದ್ದೇ ನಾನು, ಅದೂ ಅಂಕ ಜಾಸ್ತಿ ಇದ್ದವರನ್ನು. ಅವರು ಹೇಗಿದ್ದರೂ ಪಾಸಾಗ್ತಿದ್ರು ಅಲ್ವಾ? ಮೊದಲೇ ಗಟ್ಟಿಮುಟ್ಟಾದ ಕರುಗಳನ್ನ ಆರಿಸಿ ಹಿಂಡಿ ಹಾಕಿ, ಆಮೇಲೆ "ನೋಡಿ, ಹಿಂಡಿಯಿಂದ ಎಷ್ಟು ಚೆನ್ನಾಗಿ ಬೆಳೆದಿವೆ" ಅಂದ ಹಾಗಾಯ್ತು.

ಇನ್ನೊಂದು ಕಡೆ, ಉಪಯೋಗ ಇಲ್ಲ ಅನ್ನೋಕೂ ಮನಸ್ಸು ಒಪ್ಪಲ್ಲ. ಹೋದ ವರ್ಷ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. "ಮೇಡಂ, ಈ ಸಲದ್ದು ಅಪ್ಪನ ಜೊತೆ ಇರೋ ಜಾಯಿಂಟ್ ಖಾತೆಗೆ ಹಾಕ್ಬೇಡಿ. ಪೋಸ್ಟ್ ಆಫೀಸಲ್ಲಿ ನನ್ನ ಹೆಸರಿಗೆ ಒಂದು ಮಾಡ್ಸಿದೀನಿ" ಅಂತ ಪಾಸ್‌ಬುಕ್ಕನ್ನು ದುಪಟ್ಟಾದೊಳಗಿಂದ ತೆಗೆದು ತೋರಿಸಿದಳು. ಅದನ್ನು ಯಾವ ಕಾಲಂನಲ್ಲಿ ಬರೆಯಲಿ?

ಇಂಥ ಲೆಕ್ಕ ಗೊತ್ತಿರುವವರು, ಸ್ಕಾಲರ್‌ಶಿಪ್ ತಗೊಂಡು ಓದಿದವರು ಯಾರಾದರೂ ಇದ್ದರೆ ಹೇಳಿ.

ಸಿಡುಕಪ್ಪ:

ಮೇಡಂ, ಸುಮ್ನೆ ತಲೆ ಕೆಡಿಸ್ಕೊಂಡಿದ್ದೀರಿ. ದುಡ್ಡು ಕೈಗೆ ಬಂದ್ರೆ ಮೊದಲು ಮೊಬೈಲ್ ತಗೋತಾರೆ. ನಮ್ಮ ಪಕ್ಕದ ಮನೆ ಹುಡುಗನನ್ನ ಕಣ್ಣಾರೆ ನೋಡಿದೀನಿ. ಓದೋನು ಬೀದಿ ದೀಪದ ಕೆಳಗೂ ಓದ್ತಾನೆ. ಆ ಹನ್ನೆರಡು ಲಕ್ಷದಲ್ಲಿ ಕಾಲೇಜಿಗೆ ಒಂದು ಒಳ್ಳೆ ಟಾಯ್ಲೆಟ್ ಕಟ್ಸಿದ್ರೆ ಎಲ್ಲರಿಗೂ ಆಗ್ತಿತ್ತು.

ಧಾರವಾಡದ ಫೇಡೆ:

ಸಿಡುಕಪ್ಪ ಅವರ ಟಾಯ್ಲೆಟ್ ಮಾತು ಖರೇನ ಒಪ್ಪುವಂಥದ್ದು, ಆದರೆ ಪ್ರಶ್ನೆ ಅದಲ್ಲ ನೋಡ್ರಿ.

ಮೇಡಂ, ನಾನು ಸ್ಟ್ಯಾಟಿಸ್ಟಿಕ್ಸ್ ಕಲಿಸುವವನು. ನಿಮ್ಮ ಕಸಿವಿಸಿ ಸರಿಯಾಗೇ ಇದೆ. 85ಕ್ಕೂ 55ಕ್ಕೂ ಇರುವ ಅಂತರದಲ್ಲಿ ನಿಮ್ಮ ಹತ್ತು ಸಾವಿರದ ಪಾಲೆಷ್ಟು, ಪಿಯುಸಿ ಅಂಕದ ಪಾಲೆಷ್ಟು ಅಂತ ಆ ಲೆಕ್ಕದಿಂದ ಬಿಡಿಸಿ ಹೇಳೋಕೆ ಆಗಲ್ಲ. ಹಾಜರಿ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅವತ್ತಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಚಾರ್ಜೇ ಇಲ್ಲ. ಹಾಜರಿ ಏರಿಸಿದ್ದು ನಿಮ್ಮ ಸಂಘವೋ, ಕೆಂಪು ಬಸ್ಸೋ? ನಿಮ್ಮ ಸ್ಕಾಲರ್‌ಶಿಪ್ ಸಿಗದ ಹುಡುಗಿಯರ ಹಾಜರಿಯನ್ನೂ ತೆಗೆದು ನೋಡ್ರಿ. ಅದೂ ಅಷ್ಟೇ ಏರಿದ್ದರೆ ಪುಣ್ಯ ಬಸ್ಸಿಗೆ ಸೇರಬೇಕು.

ಹಿಂದಿನ ಬ್ಯಾಚುಗಳ ಜೊತೆ ಹೋಲಿಸೋಣ ಅಂದರೂ ಕಷ್ಟ. 2021ರಲ್ಲಿ ಎನ್‌ಇಪಿ, ಅಂದರೆ ನಾಲ್ಕು ವರ್ಷದ ಡಿಗ್ರಿಗೂ ಅವಕಾಶ ಕೊಟ್ಟ ಹೊಸ ಶಿಕ್ಷಣ ನೀತಿ ಬಂತು, ಪೇಪರುಗಳೇ ಬದಲಾದವು. 2024ರಲ್ಲಿ ಮತ್ತೆ ಮೂರು ವರ್ಷದ ಪದ್ಧತಿಗೆ ವಾಪಸ್. ನಡುವೆ ಕೊರೊನಾ. ಎರಡು ಬ್ಯಾಚ್ ಒಂದೇ ತಕ್ಕಡಿಯಲ್ಲಿ ಕೂರಲ್ಲ.

ನಿಮ್ಮ ಹತ್ತಿರ ಒಂದು ಒಳ್ಳೆ ವಸ್ತು ಇದೆ, ಗಮನಿಸಿಲ್ಲ ಅನಿಸುತ್ತೆ. ಅರ್ಜಿ ಹಾಕಿ ಸಿಗದವರ ಪಟ್ಟಿ. 20ನೆಯವರಿಗೂ 21ನೆಯವರಿಗೂ ಅಂಕದಲ್ಲಿ ಒಂದೋ ಎರಡೋ ವ್ಯತ್ಯಾಸ ಇರುತ್ತೆ. ಇಬ್ಬರ ಮನೆಯ ಬಡತನವೂ ಒಂದೇ. ಒಬ್ಬರಿಗೆ ಹಣ ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ. ಗೆರೆಯ ಆಚೆ ಈಚೆ ಇರುವವರನ್ನು ಹೋಲಿಸಿದರೆ ಇಡೀ ಕಾಲೇಜಿನ ಜೊತೆ ಹೋಲಿಸೋದಕ್ಕಿಂತ ಎಷ್ಟೋ ನ್ಯಾಯ. ಆ ಹಳೆ ಅರ್ಜಿ ಇಟ್ಟಿದ್ದೀರಾ?

ಲೆಡ್ಜರ್ ಮೇಡಂ:

ಶಕ್ತಿ ಯೋಜನೆ ನನ್ನ ತಲೆಗೇ ಬಂದಿರಲಿಲ್ಲ ಸರ್! ದಿನಾ ಅದೇ ಬಸ್ಸಲ್ಲಿ ಬರ್ತೀನಿ, ಕಂಡಕ್ಟರ್ ಸೊನ್ನೆ ಟಿಕೆಟ್ ಕೊಡ್ತಾರೆ, ಆದ್ರೂ ಹೊಳೆದಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿದೆ. ಸ್ಕಾಲರ್‌ಶಿಪ್ ಇಲ್ಲದ ಹುಡುಗಿಯರದ್ದೂ ಹೆಚ್ಚುಕಡಿಮೆ ಅಷ್ಟೇ ಏರಿದೆ. ವಾಟ್ಸಾಪಿನಲ್ಲಿ ಹಾಕಿದ್ದ ಆ ಸಾಲನ್ನು ವಾಪಸ್ ತಗೋಬೇಕು.

ಸಿಗದವರ ಅರ್ಜಿಗಳನ್ನು ಹುಡುಕೋಕೆ ಎರಡು ದಿನ ಬೇಕಾಯ್ತು. ಲೆಡ್ಜರಿನಲ್ಲಿ ಹಣ ಪಡೆದವರ ಹೆಸರು ಮಾತ್ರ ಇದೆ. ಉಳಿದ ಅರ್ಜಿಗಳು ಎನ್‌ಎಸ್‌ಎಸ್ ರೂಮಿನ ಬೀರುವಿನಲ್ಲಿ, ಗುದ್ದಲಿ ಮಂಕರಿಗಳ ಮೇಲೆ, ರಟ್ಟಿನ ಡಬ್ಬದಲ್ಲಿ ಸಿಕ್ಕವು. ಮೂಲೆಗಳನ್ನ ಗೆದ್ದಲು ತಿಂದಿತ್ತು. ಪುಣ್ಯಕ್ಕೆ ಅಂಕದ ಕಾಲಂ ಉಳಿದಿತ್ತು.

ಎರಡೂ ವರ್ಷದ ಪಟ್ಟಿಯಲ್ಲಿ 16ರಿಂದ 20ರವರೆಗಿನವರು ಒಟ್ಟು ಹತ್ತು ಜನ, ಇವರಿಗೆ ಹಣ ಸಿಕ್ಕಿದೆ. 21ರಿಂದ 25ರವರೆಗಿನವರು ಹತ್ತು ಜನ, ಸಿಕ್ಕಿಲ್ಲ. ಸಿಕ್ಕವರಲ್ಲಿ ಸರಿಯಾಗಿ ಮುಗಿಸಿದವರು 8. ಸಿಗದವರಲ್ಲಿ 7.

ಎಂಟು, ಏಳು. ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಆ ಏಳರಾಚೆ ಉಳಿದ ಮೂವರಿಗೆ ಫೋನ್ ಮಾಡಿದೆ. ಒಬ್ಬಳಿಗೆ ಎರಡನೇ ವರ್ಷದಲ್ಲೇ ಮದುವೆ ಆಗಿದೆ, ಆಂಧ್ರದ ಕಡೆ ಹೋಗಿದ್ದಾಳೆ. ಇನ್ನೊಬ್ಬಳು ಗಾರ್ಮೆಂಟ್ಸ್‌ಗೆ ಹೋಗ್ತಿದ್ದಾಳೆ, ಶಿಫ್ಟ್ ನಡುವೆ ಎರಡು ನಿಮಿಷ ಮಾತಾಡಿದಳು. ಮೂರನೆಯವನು ಹುಡುಗ. "ಮೇಡಂ, ನಾನು ಫೇಲಾಗಿಲ್ಲ. ಐದನೇ ಸೆಮ್‌ಗೆ ಎಕ್ಸಾಮ್ ಫೀ ಕಟ್ಟೋಕಾಗ್ಲಿಲ್ಲ. ಕಡಲೆಕಾಯಿ ಮಾರಿದ್ ಮೇಲೆ ಕೊಡ್ತೀನಿ ಅಂದಿದ್ರು ಅಪ್ಪ. ಅಷ್ಟೊತ್ತಿಗೆ ಡೇಟ್ ಮುಗೀತು" ಅಂದ. ಫೀಸ್ ಎಷ್ಟಿತ್ತು ಅಂದೆ. ದಂಡ ಸೇರಿ ಸಾವಿರದ ನಾನೂರಂತೆ. ಅವನು ಕಾಮರ್ಸ್ ವಿದ್ಯಾರ್ಥಿ. ನನ್ನ ಕ್ಲಾಸಿನಲ್ಲೇ, ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ. ನನಗೆ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಇನ್ನೂ ನಾಚಿಕೆಯ ವಿಷಯ ಹೇಳ್ತೀನಿ. ಹಣ ಸಿಕ್ಕೂ ಮುಗಿಸದ ಇಬ್ಬರಲ್ಲಿ ಒಬ್ಬನದ್ದೂ ಇದೇ ಕಥೆ. ನಾವು ಚೆಕ್ ಕೊಡೋದು ಫೆಬ್ರವರಿಯಲ್ಲಿ, ವಾರ್ಷಿಕೋತ್ಸವದ ದಿನ, ಸ್ಟೇಜಿನ ಮೇಲೆ. ಫೋಟೋ ಚೆನ್ನಾಗಿ ಬರುತ್ತೆ ಅಂತ. ಅವನಿಗೆ ಫೀಸಿನ ಕೊನೇ ದಿನ ಡಿಸೆಂಬರಿನಲ್ಲೇ ಹೋಗಿತ್ತು.

ಧಾರವಾಡದ ಫೇಡೆ:

ಎಂಟು–ಏಳು ನೋಡಿ ಎದೆ ಒಡ್ಕೋಬೇಡ್ರಿ. ಹತ್ತು ಹತ್ತು ಜನರ ಲೆಕ್ಕದಲ್ಲಿ ಒಬ್ಬರು ಆಚೀಚೆ ಆಗೋದು ನಾಣ್ಯ ಚಿಮ್ಮಿದ ಹಾಗೆ. ಉಪಯೋಗ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಲೆಕ್ಕ ಹೇಳ್ತೀನಿ ಕೇಳ್ರಿ. ಸ್ಕಾಲರ್‌ಶಿಪ್‌ನಿಂದ ನೂರಕ್ಕೆ 55 ಇದ್ದದ್ದು 60 ಆಯ್ತು ಅಂತ ಇಟ್ಕೊಳ್ಳೋಣ. ಐದು ಜನ ಜಾಸ್ತಿ ಅಂದರೆ ಸಣ್ಣದಲ್ಲ, ಐದು ಮನೆ. ಆದರೆ ಅದನ್ನು ಧೈರ್ಯವಾಗಿ ಎದೆ ತಟ್ಟಿ ಹೇಳಬೇಕು ಅಂದರೆ ಹಣ ಸಿಕ್ಕವರು ಸುಮಾರು 1,500, ಸಿಗದವರು ಇನ್ನೊಂದು 1,500 ಜನ ಬೇಕು. ವರ್ಷಕ್ಕೆ 20ರಂತೆ ನೀವು ಅಲ್ಲಿಗೆ ಮುಟ್ಟೋಕೆ 75 ವರ್ಷ. ಹಾರ್ಡ್‌ವೇರ್ ಸಾಹುಕಾರರು ಅಷ್ಟು ದಿನ ಕಾಯಲ್ಲ.

ಆದ್ದರಿಂದ ಡಿಗ್ರಿ ಮುಗೀತಾ ಅನ್ನೋ ಕೊನೆಯ ಲೆಕ್ಕದ ಹಿಂದೆ ಬೀಳಬೇಡಿ. ನಿಮ್ಮ ಅಳತೆಗೆ ಸಿಗುವಂಥದ್ದನ್ನ ಅಳೀರಿ. ಫೀಸು ಹೊತ್ತಿಗೆ ಸರಿಯಾಗಿ ಕಟ್ಟಿದರಾ, ವಾರಕ್ಕೆ ಎಷ್ಟು ರಾತ್ರಿ ಕೆಲಸಕ್ಕೆ ಹೋಗ್ತಾರೆ, ಯಾವ ತಿಂಗಳಲ್ಲಿ ಕ್ಲಾಸಿಗೆ ಬರೋದು ಬಿಟ್ಟರು. ನೀವು ಆ ಮೂರು ಫೋನಿನಲ್ಲಿ ತಿಳ್ಕೊಂಡದ್ದು ನನ್ನ ಎಷ್ಟೋ ಕೋಷ್ಟಕಗಳಿಗಿಂತ ಜಾಸ್ತಿ. ಸುಮ್ಮನೆ ಹೊಗಳಿಕೆಗೆ ಹೇಳ್ತಿಲ್ಲ.

ಬಡಿಸೋ ಹುಡುಗ:

ಸಿಡುಕಪ್ಪ ಸರ್, ಮೊಬೈಲ್ ತಗೊಂಡವನು ನಾನೇ. ಹೇಳ್ತೀನಿ ಕೇಳಿ.

ಚಳ್ಳಕೆರೆ ಕಡೆಯ ಹಳ್ಳಿ ನಂದು. 2018ರಲ್ಲಿ ಬಿಕಾಂ ಸೇರಿದೆ. ಬಿಸಿಎಂ ಹಾಸ್ಟೆಲ್ಲಿನಲ್ಲಿ ಸೀಟು ಸಿಗಲಿಲ್ಲ. ನಾವು ನಾಲ್ವರು ಒಂದು ರೂಮು ಮಾಡಿಕೊಂಡು ಇದ್ದೆವು. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇತ್ತು. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಕಾಗದದ ಮೇಲೆ ತಿಂಗಳಿಗೆ. ನನಗೆ ಬಂದದ್ದು ಇಡೀ ವರ್ಷದ್ದು ಒಂದೇ ಗಂಟು, ವರ್ಷ ಮುಗೀತಾ ಬಂದಾಗ.

ಆ ಹತ್ತು ತಿಂಗಳು ಏನು ತಿಂದೆ? ಕೇಟರಿಂಗ್‌ಗೆ ಹೋಗ್ತಿದ್ದೆ. ಛತ್ರದಲ್ಲಿ ಬಡಿಸೋ ಕೆಲಸ. ಒಂದು ರಾತ್ರಿಗೆ 350, ಮೇಲೆ ಊಟ. ಉಳಿದದ್ದನ್ನ ರೂಮಿಗೂ ತರ್ತಿದ್ವಿ. ಮರುದಿನ ಬೆಳಿಗ್ಗೆ ಹೋಳಿಗೆ ತಿಂದು ಹುಳಿ ತೇಗು ಬರ್ತಿದ್ರೂ ಕ್ಲಾಸಿಗೆ ಹೋಗ್ತಿದ್ದೆ. ಲಗ್ನದ ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ರಾತ್ರಿ. ರಿಸೆಪ್ಷನ್ ಊಟ ಮುಗಿದು, ಎಲೆ ಎತ್ತಿ, ಪಾತ್ರೆ ಲೋಡು ಮಾಡಿ ಮಲಗೋ ಹೊತ್ತಿಗೆ ಎರಡು ಗಂಟೆ. ಐದಕ್ಕೆ ಮತ್ತೆ ತಿಂಡಿಗೆ ಏಳಬೇಕು. ಮೂರನೇ ಸೆಮ್‌ನಲ್ಲಿ ಒಂದು ಪೇಪರ್ ಹೋಯ್ತು. ಅದು ಕಷ್ಟದ ಪೇಪರ್ ಅಲ್ಲ. ಹಿಂದಿನ ರಾತ್ರಿ ಎರಡು ಸಾವಿರ ಜನರ ಮದುವೆ ಇತ್ತು. ಪ್ರಶ್ನೆ ಪತ್ರಿಕೆ ಮೇಲೆ ತಲೆ ಇಟ್ಟವನು ಇನ್ವಿಜಿಲೇಟರ್ ಮೇಡಂ ತಟ್ಟಿದಾಗಲೇ ಎದ್ದದ್ದು.

ಮೊಬೈಲಿನ ಕಥೆ 2020ರದ್ದು. ಕೊರೊನಾ ಬಂತು, ಕ್ಲಾಸೆಲ್ಲ ಆನ್‌ಲೈನ್ ಅಂದರು. ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತೋ ಫೋನು. ಛತ್ರಗಳೆಲ್ಲ ಬಂದ್, ಆದಾಯವೂ ಬಂದ್. ಅಂಥ ಹೊತ್ತಲ್ಲಿ ವಿದ್ಯಾಸಿರಿ ಹಣ ಬಂತು. ರೂಮಿನ ಬಾಡಿಗೆ ಬಾಕಿ ತೀರಿಸಿ, ಉಳಿದದ್ದರಲ್ಲಿ ಟಚ್ ಫೋನ್ ತಗೊಂಡೆ. ಆ ಫೋನಿಲ್ಲದಿದ್ದರೆ ಕೊನೇ ವರ್ಷ ಮುಗೀತಿರಲಿಲ್ಲ. ಅಕ್ಕಪಕ್ಕದವರಿಗೆ ಕಂಡದ್ದು "ಸ್ಕಾಲರ್‌ಶಿಪ್ ಬಂತು, ಮೊಬೈಲ್ ತಗೊಂಡ" ಅಂತ ಅಷ್ಟೇ.

ಲೆಡ್ಜರ್ ಮೇಡಂ, ಹತ್ತು ಸಾವಿರ ಫೆಬ್ರವರಿಯಲ್ಲಿ ಕೊಡೋ ಬದಲು ಐದು ಸಾವಿರ ಸೇರಿದ ತಿಂಗಳಲ್ಲೇ ಕೊಟ್ಟಿದ್ದರೆ ನನ್ನಂಥವನಿಗೆ ಹೆಚ್ಚು ಆಗ್ತಿತ್ತು. ವಾರಕ್ಕೆ ಎರಡು ರಾತ್ರಿ ನಿದ್ದೆ ಸಿಗ್ತಿತ್ತು. ಈಗ ಅಕೌಂಟ್ಸ್ ಕೆಲಸದಲ್ಲಿದ್ದೀನಿ. ಮದುವೆಗೆ ಹೋದರೆ ಮೊದಲು ಬಡಿಸೋ ಹುಡುಗರ ಮುಖ ನೋಡ್ತೀನಿ.

ರಿಟೈರ್ಡ್ ಗುಮಾಸ್ತ:

ನಾನು ಮೂವತ್ತು ವರ್ಷ ಕಾಲೇಜು ಆಫೀಸಿನಲ್ಲಿದ್ದವನು. ಕೊನೇ ನಾಲ್ಕು ವರ್ಷ ಸ್ಕಾಲರ್‌ಶಿಪ್ ಸೆಕ್ಷನ್. ಒಂದೆರಡು ಮಾತು.

ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್, ಬರೋ ಮುಂಚೆ ಎಲ್ಲ ಕಾಗದ, ಈಗ ಎಲ್ಲ ಪೋರ್ಟಲ್ಲು. ಒಳ್ಳೆಯದೇ ಆಯ್ತು, ನಡುವೆ ಕೈ ಬದಲಾಗೋದು ತಪ್ಪಿತು. ಆದರೆ ಹೊಸ ಕಾಯಿಲೆಗಳು ಬಂದವು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಅಪ್ಪನ ಹೆಸರಿನ ಮುಂದಿನ ಇನಿಷಿಯಲ್ ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದರೆ ತಗೊಳ್ಳಲ್ಲ. ಮಕ್ಕಳು ಸೈಬರ್ ಸೆಂಟರಿಗೂ ಆಫೀಸಿಗೂ ಓಡಾಡಿ ಸುಸ್ತು.

ಎಲ್ಲಕ್ಕಿಂತ ದೊಡ್ಡದು ಬ್ಯಾಂಕಿನದ್ದು. "ಸರ್, ಎಲ್ಲರಿಗೂ ಬಂತು, ನಂಗೆ ಬಂದಿಲ್ಲ" ಅಂತ ಒಬ್ಬ ಹುಡುಗ ಮೂರು ತಿಂಗಳು ಬಂದ. ಕಂಪ್ಯೂಟರಿನಲ್ಲಿ ಹಣ ಹೋಗಿದೆ ಅಂತಲೇ ತೋರಿಸುತ್ತೆ. ಪಾಸ್‌ಬುಕ್ಕಿನಲ್ಲಿ ಇಲ್ಲ. ಕಡೆಗೆ ನೋಡಿದರೆ ಯಾವಾಗಲೋ ಬೇರೊಂದು ಖಾತೆ ತೆರೆದಿದ್ದಾನೆ, ಆಧಾರ್ ಅದಕ್ಕೆ ಜೋಡಣೆ ಆಗಿಬಿಟ್ಟಿದೆ. ಸರ್ಕಾರದ ಹಣ ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಿಸಿದೆಯೋ ಅಲ್ಲಿಗೆ ಹೋಗುತ್ತೆ, ಪಾಸ್‌ಬುಕ್ಕಿಗಲ್ಲ. ಅವನ ಹಣ ಅವನದೇ ಹೆಸರಿನಲ್ಲಿ ಮೂರು ತಿಂಗಳು ಕೂತಿತ್ತು, ಇವನು ಬಡ್ಡಿಗೆ ಸಾಲ ಮಾಡಿದ್ದ.

ಫೇಡೆ ಸರ್‌ಗೆ ಒಂದು ಮಾತು. ಸಿಕ್ಕವರು, ಸಿಗದವರು ಅಂತ ನೀವು ಹೇಳಿದಿರಿ. ಅರ್ಜಿಯನ್ನೇ ಹಾಕದವರು ಒಂದು ಗುಂಪಿದೆ ಸ್ವಾಮಿ. ಆದಾಯ ಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಕೂಲಿ ಬಿಟ್ಟು ಒಂದು ದಿನ, ಕೆಲವು ಸಲ ಎರಡು ದಿನ. ಆ ಕೂಲಿ ಬಿಡೋಕೆ ಆಗುವವರ ಮಕ್ಕಳು ಅರ್ಜಿ ಹಾಕ್ತಾರೆ. ಕೂಲಿ ಬಿಡೋಕೂ ಆಗದವರ ಮಕ್ಕಳು ನಿಮ್ಮ ಯಾವ ಲೆಕ್ಕದಲ್ಲೂ ಬರಲ್ಲ. ರೈತ ವಿದ್ಯಾನಿಧಿಯಲ್ಲಿ ನೋಡಿ. 2021ರಲ್ಲಿ ಬಂದದ್ದು. ಡಿಗ್ರಿ ಓದೋ ರೈತರ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ಇತ್ತು. ಒಳ್ಳೆ ಯೋಜನೆ. ಅಪ್ಪನ ಹೆಸರಲ್ಲಿ ಪಹಣಿ ಇಲ್ಲ, ಇನ್ನೂ ತಾತನ ಹೆಸರಲ್ಲೇ ಇದೆ ಅಂತ ನನ್ನ ಟೇಬಲ್ ಮುಂದೆ ನಿಂತವರು ಎಷ್ಟು ಮಂದಿ.

ಹಾಸನದವಳು, ಈಗ ವಿಸ್ಕಾನ್ಸಿನ್:

ತಡವಾಗಿ ಬರ್ತಿದೀನಿ, ಇಲ್ಲಿ ಈಗ ಬೆಳಗಾಯ್ತು. ನಾನು ಇಲ್ಲಿನ ಒಂದು ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ಕೆಲಸ ಮಾಡ್ತೀನಿ. ಗುಮಾಸ್ತರು ಹೇಳಿದ ಕಾಯಿಲೆಗಳೆಲ್ಲ ಇಲ್ಲೂ ಇವೆ, ಫಾರಂ ಹೆಸರು ಬೇರೆ ಅಷ್ಟೇ.

ಲೆಡ್ಜರ್ ಮೇಡಂ ಕೇಳಿದ ಪ್ರಶ್ನೆಗೆ ಅಮೆರಿಕದಲ್ಲಿ ನಾನಿರುವ ಈ ವಿಸ್ಕಾನ್ಸಿನ್ ರಾಜ್ಯದಲ್ಲೇ ಒಂದು ಒಳ್ಳೆ ಪರೀಕ್ಷೆ ನಡೆದಿದೆ. ಜಾನ್ ಮತ್ತು ಟಾಶಿಯಾ ಮೋರ್ಗ್ರಿಜ್ ಅಂತ ಗಂಡ ಹೆಂಡತಿ. ಜಾನ್ ಸಿಸ್ಕೊ ಕಂಪನಿಯನ್ನು ನಡೆಸಿದ್ದವರು. 2007ರಲ್ಲಿ 17.5 ಕೋಟಿ ಡಾಲರ್ ಇಟ್ಟು ಬಡ ಮಕ್ಕಳಿಗಾಗಿ ಒಂದು ನಿಧಿ ಮಾಡಿದರು. ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ, ಇಲ್ಲಿನದೇ ಸರ್ಕಾರಿ ವಿಶ್ವವಿದ್ಯಾಲಯ ಸೇರಿ, ಕೇಂದ್ರ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್ ಪಡೆಯುವವರಿಗೆ ವರ್ಷಕ್ಕೆ 3,500 ಡಾಲರ್. ಅರ್ಹರು ಬಹಳ, ಹಣ ಅಷ್ಟಿಲ್ಲ. ಹಾಗಾಗಿ 2008ರಲ್ಲಿ ಹೆಸರುಗಳನ್ನು ಲಾಟರಿ ಎತ್ತಿದರು. ಅಂಕ ನೋಡಿ ಆರಿಸಲಿಲ್ಲ. ಅಲ್ಲಿಗೆ ಮೇಡಂ ಅವರ ಕಸಿವಿಸಿ ಬಗೆಹರಿಯಿತು ನೋಡಿ. ಸಿಕ್ಕವರಿಗೂ ಸಿಗದವರಿಗೂ ಅದೃಷ್ಟ ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲ.

ಸಾರಾ ಗೋಲ್ಡ್‌ರಿಕ್-ರಾಬ್ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು ಈ ಮಕ್ಕಳ ಬೆನ್ನು ಹತ್ತಿ ವರ್ಷಗಟ್ಟಲೆ ಲೆಕ್ಕ ಇಟ್ಟರು. 2016ರಲ್ಲಿ ಪ್ರಕಟವಾಯ್ತು. ನಾಲ್ಕು ವರ್ಷಕ್ಕೆ ಸರಿಯಾಗಿ ಡಿಗ್ರಿ ಮುಗಿಸಿದವರು, ಹಣ ಸಿಗದವರಲ್ಲಿ ನೂರಕ್ಕೆ 16, ಸಿಕ್ಕವರಲ್ಲಿ 21. ಆ ಬ್ಯಾಚಿನ ಮಟ್ಟಿಗೆ ಉಪಯೋಗ ಆಗಿದೆ. ಆದರೆ 21 ಅಂದರೆ ಉಳಿದ 79 ಜನ ಹಣ ಸಿಕ್ಕೂ ಹೊತ್ತಿಗೆ ಮುಗಿಸಿಲ್ಲ ಅಂತಲೂ ಆಯ್ತು.

ಬಡಿಸೋ ಹುಡುಗನ ಮಾತು ಓದಿ ಮೈ ಜುಮ್ ಅಂತು. ಇದೇ ಮಕ್ಕಳ ಕೆಲಸದ ಬಗ್ಗೆಯೂ ಅವರು ನೋಡಿದ್ದಾರೆ. ಹಣ ಸಿಕ್ಕವರು ಕೆಲಸಕ್ಕೆ ಹೋಗೋದು ಕಡಿಮೆಯಾಯ್ತು, ಅದರಲ್ಲೂ ರಾತ್ರಿ ಪಾಳಿ ಕಡಿಮೆಯಾಯ್ತು.

ಒಂದು ಕೊಕ್ಕೆಯೂ ಇತ್ತು. ಈ ಹಣ ಬಂತು ಅಂತ ಕೆಲವರಿಗೆ ಕಾಲೇಜಿನವರು ಬೇರೆ ನೆರವು, ಸಾಲ ಕಡಿಮೆ ಮಾಡಿದರು. ನಿಯಮವೇ ಹಾಗಿತ್ತು. 3,500 ಕೊಟ್ಟರೂ ಕೈಗೆ ಅಷ್ಟು ಪೂರ್ತಿ ಹೆಚ್ಚಾಗಲಿಲ್ಲ. ನಿಮ್ಮಲ್ಲೂ ಒಂದು ಸ್ಕಾಲರ್‌ಶಿಪ್ ಬಂದರೆ ಇನ್ನೊಂದು ಕೈತಪ್ಪುತ್ತಾ ಅಂತ ನೋಡ್ಕೊಳ್ಳಿ.

ಇನ್ನೊಂದು ನ್ಯೂಯಾರ್ಕ್ ನಗರದ್ದು. ಅಲ್ಲಿನ ಕ್ಯೂನಿ, ಅಂದರೆ ನಗರದ ಸರ್ಕಾರಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ 2007ರಲ್ಲಿ ಶುರುವಾದ ಎಎಸ್ಎಪಿ ಅನ್ನೋ ಕಾರ್ಯಕ್ರಮ. ಫೀಸಿನಲ್ಲಿ ಉಳಿದ ಬಾಕಿ ತುಂಬಿದರು, ಪುಸ್ತಕ ಕೊಟ್ಟರು, ತಿಂಗಳಿಗೊಂದು ಬಸ್ಸು-ರೈಲಿನ ಪಾಸ್ ಕೊಟ್ಟರು. ಆ ಪಾಸ್ ಬೇಕಾದರೆ ಸಲಹೆಗಾರರನ್ನು ಬಂದು ಕಾಣಬೇಕು, "ಹೇಗಿದ್ದೀಯಾ, ಏನು ತೊಂದರೆ" ಅನ್ನೋ ಮಾತುಕತೆ ಆಗಲೇಬೇಕು. ಇದನ್ನೂ ಲಾಟರಿ ಎತ್ತಿಯೇ ಪರೀಕ್ಷೆ ಮಾಡಿದರು. ಎರಡು ವರ್ಷದ ಕೋರ್ಸನ್ನು ಮೂರು ವರ್ಷದೊಳಗೆ ಮುಗಿಸಿದವರು 22 ಇದ್ದದ್ದು 40 ಆಯ್ತು. ಖರ್ಚೂ ಜಾಸ್ತಿ ಆಯ್ತು ಅನ್ನಿ. ಆದರೆ ಬರೀ ಹಣಕ್ಕೂ, ಹಣದ ಜೊತೆ ಒಬ್ಬ ಮನುಷ್ಯನಿಗೂ ಎಷ್ಟು ಅಂತರ ನೋಡಿ. ಮೂರನೇ ಬೆಂಚಿನ ಹುಡುಗನಿಗೆ ತಿಂಗಳಿಗೊಂದು ಸಲ ಯಾರಾದರೂ ಕೇಳಿದ್ದರೆ ಆ ಸಾವಿರದ ನಾನೂರು ಎಲ್ಲಿಂದಲೋ ಹುಟ್ಟುತ್ತಿತ್ತು.

ಸಿಡುಕಪ್ಪ:

ಮೊಬೈಲ್ ಮಾತು ವಾಪಸ್ ತಗೊಂಡೆ ತಮ್ಮಾ. ಬೇಜಾರು ಮಾಡ್ಕೋಬೇಡ.

ಆದ್ರೆ ಲಾಟರಿ ನಂಗೆ ಒಪ್ಪಿಗೆ ಇಲ್ಲ. ಕಷ್ಟಪಟ್ಟು 90 ಪರ್ಸೆಂಟ್ ತೆಗೆದವನಿಗೆ ಚೀಟಿ ಬರಲಿಲ್ಲ ಅಂತ ಬಿಟ್ಟು, 45 ತೆಗೆದವನಿಗೆ ಕೊಡ್ತೀರಾ? ಮನೇಲಿ ಏನಂತ ಹೇಳ್ತಾನೆ ಅವನು?

ಹಾಸನದವಳು, ಈಗ ವಿಸ್ಕಾನ್ಸಿನ್:

ನ್ಯಾಯವಾದ ಪ್ರಶ್ನೆ ಸರ್. ಆದರೆ ನೆಬ್ರಾಸ್ಕಾ ರಾಜ್ಯದಲ್ಲಿ ಬಫೆಟ್ ಕುಟುಂಬದ ಸ್ಕಾಲರ್‌ಶಿಪ್ ಅನ್ನು ಹೀಗೇ ಪರೀಕ್ಷೆ ಮಾಡಿದಾಗ, ಅಂಕ ಕಡಿಮೆ ಇದ್ದವರಿಗೇ ಜಾಸ್ತಿ ಪ್ರಯೋಜನ ಆಗಿತ್ತು. 90 ತೆಗೆದವನಿಗೆ ಹತ್ತು ಬಾಗಿಲು ತೆರೆದಿರುತ್ತೆ. 45ರವನಿಗೆ ಇದೊಂದೇ.

ಲೆಡ್ಜರ್ ಮೇಡಂ:

ಭಾನುವಾರ ಮೀಟಿಂಗ್ ಆಯ್ತು. ಲೈಬ್ರರಿಯಲ್ಲಿ, ಕರೆಂಟ್ ಇಲ್ಲದೆ, ಕಿಟಕಿ ತೆಗೆದು ಕೂತು.

ಮೊದಲು ನನ್ನ ತಪ್ಪು ಒಪ್ಪಿಕೊಂಡೆ. 85–55ರ ಲೆಕ್ಕ ಸರಿಯಲ್ಲ, ಹಾಜರಿ ಏರಿದ್ದು ಬಸ್ಸಿನಿಂದ ಇರಬಹುದು, ಗೆರೆಯ ಆಚೆ ಈಚೆ ನೋಡಿದರೆ ಎಂಟು–ಏಳು ಅಂದೆ. ಹಾರ್ಡ್‌ವೇರ್ ಅಂಗಡಿಯವರು ಎದ್ದು ಹೋಗ್ತಾರೆ ಅಂತಲೇ ಅಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, "ಹಂಗಾದ್ರೆ ನಮ್ಮ ಸ್ಟಾಕ್ ಬುಕ್ಕಲ್ಲಿ ಹೋದ ಮಾಲು ಮಾತ್ರ ಬರೆದಿದೆ, ಇಲ್ಲ ಅಂತ ವಾಪಸ್ ಕಳಿಸಿದ ಗಿರಾಕಿ ಬರೆದಿಲ್ಲ ಅಂತ ಆಯ್ತು" ಅಂದರು. ನಾನು ಅಷ್ಟು ಚೆನ್ನಾಗಿ ಹೇಳೋಕೆ ಆಗ್ತಿರಲಿಲ್ಲ.

ಚೀಟಿ ವಿಷಯಕ್ಕೆ ದೊಡ್ಡ ವಾದ ಆಯ್ತು. ಸಿಡುಕಪ್ಪ ಸರ್ ಹೇಳಿದ್ದನ್ನೇ ಮೂರು ಜನ ಹೇಳಿದರು. ಕೊನೆಗೆ ರಾಜಿ. ಹತ್ತು ಜನ ಅಂಕದ ಮೇಲೆ, ಹತ್ತು ಜನ ಚೀಟಿಯ ಮೇಲೆ. ಚೀಟಿಗೆ ಆದಾಯದ ಮಿತಿ, ಪಿಯುಸಿ ಪಾಸು, ಅಷ್ಟೇ. ಎಲ್ಲರ ಎದುರಿಗೇ ಎತ್ತೋದು. ಇದು ಪೂರ್ತಿ ಸರಿಯಾ ಅಂತ ನನಗೂ ಅನುಮಾನ ಇದೆ. ಚೀಟಿ ಬರದ ಮಗುವಿನ ಮುಖ ನೋಡಬೇಕಾದವಳು ನಾನೇ. ಆದರೆ ಅಂಕದ ಪಟ್ಟಿಯಲ್ಲಿ 21ನೆಯವನ ಮುಖವನ್ನೂ ನಾನು ಇಷ್ಟು ವರ್ಷ ನೋಡಿರಲಿಲ್ಲ.

ವಾರ್ಷಿಕೋತ್ಸವದ ಚೆಕ್ ರದ್ದು. ಅಡ್ಮಿಷನ್ ಆದ ತಿಂಗಳಲ್ಲೇ 5,000. ಉಳಿದ ಐದು ಸಾವಿರದಲ್ಲಿ ಎರಡೂ ಸೆಮಿಸ್ಟರಿನ ಎಕ್ಸಾಮ್ ಫೀ ಸಂಘವೇ ನೇರವಾಗಿ ಕಟ್ಟುತ್ತೆ, ಮಿಕ್ಕಿದ್ದು ಮಕ್ಕಳ ಸ್ವಂತ ಖಾತೆಗೆ. ಫೋಟೋ ಬೇಕೇ ಬೇಕು ಅಂದವರಿಗೆ ಫೆಬ್ರವರಿಯಲ್ಲಿ ಒಂದು ಹಾರ ಹಾಕೋಣ ಅಂದೆವು. ಇದರ ಜೊತೆಗೆ 20,000 ರೂಪಾಯಿ ಬೇರೆ ಎತ್ತಿಟ್ಟಿದ್ದೇವೆ. ಸ್ಕಾಲರ್‌ಶಿಪ್ ಇರಲಿ ಬಿಡಲಿ, ಫೀಸಿನ ಕೊನೇ ದಿನಕ್ಕೆ ಯಾರದಾದರೂ ಬಾಕಿ ಇದ್ದರೆ ಅದರಿಂದ ಕಟ್ಟೋದು. ಹಾರ್ಡ್‌ವೇರ್ ಅಂಗಡಿಯವರು ಅಲ್ಲೇ ಕೊಟ್ಟರು.

ಲೆಡ್ಜರಿನಲ್ಲಿ ಎಡಗಡೆ ಸಿಕ್ಕವರು, ಬಲಗಡೆ ಸಿಗದವರು ಅಂತ ಗೆರೆ ಹಾಕಿದ್ದೀನಿ. ಇಬ್ಬರಿಗೂ ತಿಂಗಳಿಗೊಂದು ಸಲ ಫೇಡೆ ಸರ್ ಹೇಳಿದ ಅದೇ ಮೂರು ಪ್ರಶ್ನೆ.

ಮೂರನೇ ಬೆಂಚಿನ ಹುಡುಗ ಮೊನ್ನೆ ಕಾಲೇಜಿಗೆ ಬಂದಿದ್ದ. ಈಗ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಉಳಿದ ಸೆಮಿಸ್ಟರಿಗೆ ಮತ್ತೆ ಕಟ್ಟಬಹುದಾ ಅಂತ ಕೇಳಿದ. ಗುಮಾಸ್ತರೇ, ಅವನು 2021ರ ಎನ್‌ಇಪಿ ಬ್ಯಾಚು. ಈಗ ಸಿಲಬಸ್ ಬದಲಾಗಿದೆ. ಹಳೆ ಸ್ಕೀಮಿನಲ್ಲೇ ಬರೆಯೋಕೆ ಬಿಡ್ತಾರಾ? ಯಾರನ್ನ ಹಿಡೀಬೇಕು?

ರಿಟೈರ್ಡ್ ಗುಮಾಸ್ತ:

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಪ್ರಿನ್ಸಿಪಾಲರ ಕವರಿಂಗ್ ಲೆಟರ್ ಜೊತೆ ಹೋಗಿ ಮೇಡಂ. ಹುಡುಗನ ಎಲ್ಲ ಅಂಕಪಟ್ಟಿ, ಹಿಂದಿನ ಹಾಲ್ ಟಿಕೆಟ್, ಐದನೇ ಸೆಮ್‌ನ ಹಾಜರಿ ಪತ್ರ ತಗೊಂಡು ಹೋಗಿ. ಹಾಜರಿ ಸಾಕಷ್ಟಿದ್ದು ಫೀಸು ಮಾತ್ರ ಕಟ್ಟಿಲ್ಲ ಅನ್ನೋದು ಲೆಟರಿನಲ್ಲಿ ಸ್ಪಷ್ಟವಾಗಿ ಇರಲಿ. ಫೋನಿನಲ್ಲಿ ಕೇಳಿದರೆ ಆಗಲ್ಲ ಅಂತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಖುದ್ದು ಹೋಗಿ ನಿಲ್ಲಿ. ಹುಡುಗನನ್ನೂ ಕರ್ಕೊಂಡು ಹೋಗಿ.